ಬೇಟೆಗೆ ಮುಹೂರ್ತವಿಡುವವರಿಗೆ

ಯುಗಾದಿಯ ಬೇವು-ಬೆಲ್ಲದ ಮಾರನೆಯ ದಿನ ಹಳೇ ಮೈಸೂರು ಸೀಮೆಗೆ ಹೊಸತೊಡಕು. ಅಂದು ಬೆಳಗಿನ ಜಾವದಿಂದಲೇ ಮೈಸೂರು ರಸ್ತೆ, ವಿಜಯನಗರ, ರಾಜಾಜಿನಗರಗಳ ಮಾಂಸದಂಗಡಿಗಳ ಮುಂದೆ ಜನರ ಸಾಲು ಬೆಳೆಯುತ್ತದೆ. ಹಬ್ಬದ ಊಟದಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಉಣ್ಣುವವನ ತಟ್ಟೆಯನ್ನು ಇಣುಕಿ ನೋಡುವುದು ಪರಿಸರ ಚಳವಳಿಯ ಕೆಲಸವೂ ಅಲ್ಲ. ಆಕ್ಷೇಪ ಇರುವುದು ಅದೇ ಬೆಳಗಿನ ಜಾವದಲ್ಲಿ, ಅದೇ ನಗರದ ಅಂಚಿನಲ್ಲಿ ಸದ್ದಿಲ್ಲದೆ ಸೇರುವ ಇನ್ನೊಂದು ಸಾಲಿನ ಬಗ್ಗೆ. ಬಲೆ, ದೊಣ್ಣೆ, ಉರುಳು, ನಾಯಿಗಳೊಡನೆ ಕಾವಲು ಮತ್ತು ಕುರುಚಲು ಕಾಡುಗಳಿಗೆ ನುಗ್ಗುವವರ ಸಾಲು ಅದು. ಬನ್ನೇರುಘಟ್ಟ, ಮಾಗಡಿ, ರಾಮನಗರ, ನೆಲಮಂಗಲಗಳ ಸುತ್ತ ಯುಗಾದಿ ಬಂತೆಂದರೆ ಅರಣ್ಯ ಸಿಬ್ಬಂದಿ ಹೆಚ್ಚುವರಿ ಗಸ್ತು ಹಾಕಬೇಕಾಗಿ ಬರುವುದು ಈ ಸಾಲಿನ ಕಾರಣದಿಂದಲೇ. ಹೊಸ ಸಂವತ್ಸರದ ಎರಡನೆಯ ದಿನ ಮೊಲಕ್ಕೂ ಜಿಂಕೆಗೂ ಕೊನೆಯ ದಿನವಾಗಬೇಕೆಂದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

ಈ ಬೇಟೆಯನ್ನು ಸಮರ್ಥಿಸುವ ವಾದಗಳು ಇತ್ತೀಚಿನ ವರ್ಷಗಳಲ್ಲಿ ವೇಷ ಬದಲಿಸಿವೆ. ಮೊದಲು ‘ಹಿರಿಯರಿಂದ ಬಂದದ್ದು’ ಎಂಬ ಒಂದೇ ಮಾತು ಸಾಕಾಗುತ್ತಿತ್ತು. ಈಗ ಅದರ ಜೊತೆಗೆ ಹೊರದೇಶದ ಉದಾಹರಣೆಯೂ ಸೇರಿದೆ. ಅಮೆರಿಕದಲ್ಲಿ ಸರ್ಕಾರಿ ಕಾಡುಗಳಲ್ಲಿ ಬಿಲ್ಲು-ಬಾಣದಿಂದ ಜಿಂಕೆ ಹೊಡೆಯಲು ಋತುವನ್ನು ಗೊತ್ತು ಮಾಡಿದ್ದಾರೆ, ಮೊದಲ ದಿನವನ್ನು ಹಬ್ಬದಂತೆ ಆಚರಿಸುತ್ತಾರೆ, ಪರವಾನಗಿಯ ಹಣದಿಂದಲೇ ಕಾಡು ಉಳಿದಿದೆ, ಇಲ್ಲಿಯೂ ಹಾಗೆಯೇ ಮಾಡಿದರೆ ಕಳ್ಳಬೇಟೆ ನಿಂತು ಸಂಸ್ಕೃತಿ ಉಳಿಯುತ್ತದೆ ಎಂಬುದು ಆ ವಾದ. ಕೇಳಲು ವಿವೇಕದ ಮಾತಿನಂತೆ ಕಾಣುವ ಇದನ್ನು ಬುಡದಿಂದ ಪರೀಕ್ಷಿಸಬೇಕಾಗಿದೆ. ಏಕೆಂದರೆ ಇದು ಒಮ್ಮೆ ಒಪ್ಪಿಗೆಯಾದರೆ ಅದರ ಮೊದಲ ಬಾಣ ಬೀಳುವುದು ಕೆಂಗೇರಿಯ ಪಕ್ಕದಲ್ಲಾದರೂ, ಕೊನೆಯ ಬಾಣ ಬೀಳುವುದು ಪಶ್ಚಿಮ ಘಟ್ಟದ ಕಾನುಗಳಲ್ಲಿ.

ಹೆಸರಿನಲ್ಲಿ ಉಳಿದ ಬೇಡರು

ಬೇಟೆ ಈ ನೆಲದ ಸಂಸ್ಕೃತಿಯ ಭಾಗವಲ್ಲವೆಂದು ವಾದಿಸುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯ. ಬಸವೇಶ್ವರನಗರದಿಂದ ಮಾಗಡಿ ರಸ್ತೆಯಲ್ಲಿ ಹೊರಟರೆ ಸಿಗುವ ಬ್ಯಾಡರಹಳ್ಳಿಯ ಹೆಸರೇ ಬೇಡರನ್ನು ನೆನಪಿಸುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತ ಕಲ್ಲು. ಒಂದು ನಾಯಿಗೆ ವೀರಗಲ್ಲು ನೆಟ್ಟ ನಾಡು ಇದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಜಿಂಕೆಬೇಟೆಯ ವಿಧಾನಗಳಿಗೂ ವಿಸ್ತಾರವಾದ ಸ್ಥಾನವಿದೆ. ಕಣ್ಣಪ್ಪನೆಂಬ ಬೇಡ ಶಿವನಿಗೆ ಮಾಂಸದ ನೈವೇದ್ಯವಿಟ್ಟ ಕಥೆಯನ್ನು ಕನ್ನಡಿಗರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. 1954ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರ.

ಈ ಪರಂಪರೆಯನ್ನು ಗೌರವಿಸಬೇಕು. ಗೌರವಿಸುವುದೆಂದರೆ ಮೊದಲು ಅದನ್ನು ಸರಿಯಾಗಿ ಓದುವುದು. ಕಾಳಿಗೆ ಕಲ್ಲು ನೆಟ್ಟದ್ದು ಅದು ತನಗೆ ಸಮನಾದ ಬಲದ ಎದುರಾಳಿಯೊಡನೆ ಸೆಣಸಿ ಪ್ರಾಣ ಕೊಟ್ಟದ್ದಕ್ಕೆ. ಆರು ಬಲೆ ಹರಡಿ, ಪೊದೆಗೆ ಬೆಂಕಿ ಹಚ್ಚಿ, ಹೊರಗೋಡಿದ ಮೊಲವನ್ನು ದೊಣ್ಣೆಯಿಂದ ಹೊಡೆದು, ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವವನಿಗೆ ಯಾವ ಊರಿನಲ್ಲಿಯೂ ವೀರಗಲ್ಲು ನೆಟ್ಟ ದಾಖಲೆಯಿಲ್ಲ. ಕಣ್ಣಪ್ಪನ ಕಥೆಯ ತಿರುಳು ಅವನು ಕೊಂದ ಪ್ರಾಣಿಯಲ್ಲ, ಅವನು ಕಿತ್ತುಕೊಟ್ಟ ತನ್ನದೇ ಕಣ್ಣು. ಬೇಟೆಯ ಸಂಸ್ಕೃತಿಯನ್ನು ಹೊತ್ತು ಮೆರೆಸುವವರು ಅದರಲ್ಲಿದ್ದ ಕೊಡುವ ಭಾಗವನ್ನು ಮರೆತು ತೆಗೆದುಕೊಳ್ಳುವ ಭಾಗವನ್ನು ಮಾತ್ರ ನೆನಪಿಟ್ಟಿದ್ದಾರೆ. 2025ರ ಯುಗಾದಿಯ ಸಂದರ್ಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಬೇಟೆಯಾಡಿದ ಮೊಲಗಳನ್ನು ಹಿಡಿದು ಮೆರವಣಿಗೆ ಹೊರಟ ದೃಶ್ಯ ನಾಡಿನಾದ್ಯಂತ ಹರಡಿತು. ಜನಪ್ರತಿನಿಧಿಯೊಬ್ಬರ ಕುಟುಂಬದವರ ಮೇಲೆಯೇ ಅರಣ್ಯ ಇಲಾಖೆ ಪ್ರಕರಣ ದಾಖಲಿಸಬೇಕಾಯಿತು. ಹಸಿವಿಗಾಗಿ ಕೊಂದವನು ಮೆರವಣಿಗೆ ಮಾಡುವುದಿಲ್ಲ. ಮೆರವಣಿಗೆ ಹೊರಟಿತೆಂದರೆ ಅಲ್ಲಿ ಹಸಿವು ಇರಲಿಲ್ಲವೆಂದೇ ಅರ್ಥ.

ಎರಡು ಮುಹೂರ್ತಗಳು

ಬೇಟೆಗೆ ಋತುವಿಡುವ ಕಲ್ಪನೆ ಕರ್ನಾಟಕಕ್ಕೆ ಅಮೆರಿಕದಿಂದ ಬರಬೇಕಾಗಿಲ್ಲ. ಕೊಡಗಿನ ಕೈಲ್ ಮುಹೂರ್ತ ಅಂಥದ್ದೇ ಒಂದು ವ್ಯವಸ್ಥೆ. ಮಳೆಗಾಲದಲ್ಲಿ ಗದ್ದೆಯ ಕೆಲಸ ಮುಗಿಯುವವರೆಗೆ ಆಯುಧಗಳು ಒಳಗಿರುತ್ತಿದ್ದವು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೋವಿ-ಕತ್ತಿಗಳಿಗೆ ಪೂಜೆ ಸಲ್ಲಿಸಿ ಅವನ್ನು ಹೊರಗೆ ತೆಗೆಯುತ್ತಿದ್ದರು. ಪೈರು ಬೆಳೆಯುತ್ತಿದ್ದ ಆ ದಿನಗಳಲ್ಲಿ ಹಂದಿಗಳಿಂದ ಅದನ್ನು ಕಾಯುವುದು ರೈತನ ಅನಿವಾರ್ಯ ಕೆಲಸವಾಗಿತ್ತು. ಆಯುಧಕ್ಕೂ ಬೆಳೆಗೂ, ಬೇಟೆಗೂ ಬದುಕಿಗೂ ಅಲ್ಲಿ ನೇರವಾದ ಸಂಬಂಧವಿತ್ತು. ಗದ್ದೆಯ ಕೆಲಸ ಮುಗಿಯುವವರೆಗೆ ಕೋವಿಯನ್ನು ಕೆಳಗಿಡಿಸುವ ಶಿಸ್ತೂ ಅದೇ ಪದ್ಧತಿಯ ಒಳಗಿತ್ತು.

ಹೊಸತೊಡಕಿನ ಬೇಟೆಯ ಕಾಲವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಾರ್ಚ್-ಏಪ್ರಿಲ್ ಎಂದರೆ ಬಯಲುಸೀಮೆಯ ಕುರುಚಲು ಕಾಡು ಎಲೆ ಉದುರಿಸಿ ಬೆತ್ತಲೆಯಾಗಿ ನಿಂತಿರುವ ಕಾಲ. ಹೊಲದಲ್ಲಿ ಬೆಳೆ ಇರುವುದಿಲ್ಲ, ಆದ್ದರಿಂದ ಬೆಳೆ ಕಾಯುವ ನೆಪವೂ ಇರುವುದಿಲ್ಲ. ಕುಂಟೆಗಳು ಬತ್ತಿ, ಉಳಿದ ಒಂದೆರಡು ನೀರಿನ ಗುಂಡಿಗಳ ಸುತ್ತ ಪ್ರಾಣಿಗಳು ಬಂದು ಸೇರಲೇಬೇಕಾದ ದಿನಗಳು ಅವು. ಅಡಗಲು ಎಲೆಯಿಲ್ಲ, ಓಡಲು ಶಕ್ತಿಯಿಲ್ಲ, ಕುಡಿಯಲು ಬೇರೆ ನೀರಿಲ್ಲ. ವರ್ಷದ ಹನ್ನೆರಡು ತಿಂಗಳಲ್ಲಿ ಪ್ರಾಣಿ ಅತ್ಯಂತ ದುರ್ಬಲವಾಗಿರುವ ವಾರವನ್ನು ಆರಿಸಿಕೊಂಡು ಅದಕ್ಕೆ ಹಬ್ಬದ ಹೆಸರಿಡಲಾಗಿದೆ. ಇಷ್ಟು ಸಾಲದೆಂಬಂತೆ ಪೊದೆಗೆ ಇಟ್ಟ ಬೆಂಕಿ ಗಾಳಿಗೆ ಹರಡಿ ಗುಡ್ಡವನ್ನೇ ಸುಡುತ್ತದೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮಳೆಗಾಗಿ ಕಾದಿರುವ ಬೀಜ, ಆಮೆ, ಉಡ, ಓತಿಕೇತ ಎಲ್ಲವೂ ಆ ಒಂದು ಮೊಲದ ಲೆಕ್ಕಕ್ಕೆ ಜಮೆಯಾಗುತ್ತವೆ.

ಋತು ಎಂಬ ಮಾತಿಗೆ ಇನ್ನೊಂದು ತೊಡಕೂ ಇದೆ. ಅಮೆರಿಕದ ಬಿಳಿಬಾಲದ ಜಿಂಕೆಯ ಸಂತಾನಕ್ಕೆ ನಿಶ್ಚಿತವಾದ ಕಾಲವಿದೆ. ಚಳಿಗಾಲದ ಮುಂಚೆ ಕೂಡಿ, ಬೇಸಿಗೆಯ ಆರಂಭಕ್ಕೆ ಮರಿ ಹಾಕುತ್ತದೆ. ಶರತ್ಕಾಲದಲ್ಲಿ ಬೇಟೆಯ ಋತು ತೆರೆಯುವ ಹೊತ್ತಿಗೆ ಮರಿಗಳು ಬಹುಮಟ್ಟಿಗೆ ಸ್ವತಂತ್ರವಾಗಿರುತ್ತವೆ. ಭಾರತದ ಚುಕ್ಕಿ ಜಿಂಕೆಗೆ ಅಂಥ ಕಟ್ಟುನಿಟ್ಟಿನ ಕಾಲವಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅದು ಮರಿ ಹಾಕಬಲ್ಲದು. ಒಂದೇ ಹಿಂಡಿನಲ್ಲಿ ಗಬ್ಬದ ಹೆಣ್ಣು, ಹಾಲೂಡಿಸುವ ತಾಯಿ, ಕೋಡು ಉದುರಿಸಿದ ಗಂಡು ಏಕಕಾಲಕ್ಕೆ ಇರುತ್ತವೆ. ಇಲ್ಲಿ ಯಾವ ತಿಂಗಳಿಗೆ ಮುಹೂರ್ತವಿಟ್ಟರೂ ಅದು ಯಾವುದೋ ಒಂದು ಮರಿಯ ಅನಾಥ ದಿನವೇ ಆಗುತ್ತದೆ.

ಅಮೆರಿಕದ ಲೆಕ್ಕವನ್ನು ಪೂರ್ತಿ ಓದಬೇಕು

ಹೊರದೇಶದ ಉದಾಹರಣೆ ಕೊಡುವವರು ಅದರ ಕೊನೆಯ ಪುಟವನ್ನು ಮಾತ್ರ ತೋರಿಸುತ್ತಾರೆ. ಮೊದಲ ಪುಟದಿಂದ ಓದಿದರೆ ಕಥೆ ಬೇರೆಯೇ ಇದೆ. ಮಾರುಕಟ್ಟೆಗಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆ ದೇಶದ ಬಿಳಿಬಾಲದ ಜಿಂಕೆಗಳು ಸುಮಾರು 5 ಲಕ್ಷಕ್ಕೆ ಇಳಿದಿದ್ದವೆಂದು ಅಂದಾಜು. ಕಾಡುಪ್ರಾಣಿಗಳ ಅಕ್ರಮ ವ್ಯಾಪಾರವನ್ನು ತಡೆಯಲು 1900ರಲ್ಲಿ ಲೇಸಿ ಕಾಯ್ದೆ ಬಂತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯು ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಶೇಕಡಾ 11ರ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. 1972ರ ತಿದ್ದುಪಡಿ ಬಿಲ್ಲು-ಬಾಣಗಳನ್ನೂ ಆ ತೆರಿಗೆಯೊಳಗೆ ತಂದಿತು. ಇಂದು ಅಲ್ಲಿನ ಜಿಂಕೆಗಳ ಸಂಖ್ಯೆ 3 ಕೋಟಿಯ ಆಸುಪಾಸಿನಲ್ಲಿದೆಯೆಂದು ಹೇಳಲಾಗುತ್ತದೆ. ಪೂರ್ವದ ಬಹುತೇಕ ರಾಜ್ಯಗಳಲ್ಲಿ ತೋಳ ಮತ್ತು ಪ್ಯೂಮಾಗಳನ್ನು ಹಿಂದೆಯೇ ಕೊಂದು ಮುಗಿಸಿರುವುದರಿಂದ ಅಲ್ಲಿ ಜಿಂಕೆಯನ್ನು ಹತೋಟಿಯಲ್ಲಿಡುವ ಕೆಲಸ ಮನುಷ್ಯನ ಪಾಲಿಗೆ ಬಂದಿದೆ.

ಕರ್ನಾಟಕದ ಸ್ಥಿತಿ ಇದಕ್ಕೆ ತದ್ವಿರುದ್ಧ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿವೆಯೆಂದು ಅಂದಾಜಿಸಲಾಯಿತು. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕೆಂಬುದು ನಾಗರಹೊಳೆ ಮೊದಲಾದ ಕಾಡುಗಳಲ್ಲಿ ಉಲ್ಲಾಸ ಕಾರಂತ ಮತ್ತಿತರರು ದಶಕಗಳ ಕಾಲ ನಡೆಸಿದ ಅಧ್ಯಯನಗಳಿಂದ ಪರಿಚಿತವಾದ ಲೆಕ್ಕ. ಚಿರತೆ, ಸೀಳುನಾಯಿಗಳ ಊಟ ಇದಕ್ಕೆ ಹೊರತು. ಇಲ್ಲಿ ಜಿಂಕೆಯನ್ನು ಹತೋಟಿಯಲ್ಲಿಡುವ ಹುದ್ದೆ ಖಾಲಿ ಇಲ್ಲ. ಅದಕ್ಕೆ ಅರ್ಹರಾದವರು ಅನಾದಿಕಾಲದಿಂದ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಅವರ ತುತ್ತನ್ನು ಕಿತ್ತುಕೊಂಡು, ಹಸಿದು ಊರಿಗೆ ಬಂದರೆ ನರಭಕ್ಷಕರೆಂದು ಕೂಗುವುದು ಯಾವ ನ್ಯಾಯ?

ಬಿಲ್ಲು-ಬಾಣದ ಬೇಟೆ ಹೆಚ್ಚು ಸಹಜವಾದದ್ದು, ಸದ್ದಿಲ್ಲದ್ದು, ಆದ್ದರಿಂದ ಮೃದುವಾದದ್ದು ಎಂಬ ಭ್ರಮೆಯೂ ಇದೆ. ಬಾಣ ಪ್ರಾಣಿಯನ್ನು ಕೊಲ್ಲುವುದು ಬಹುಮಟ್ಟಿಗೆ ರಕ್ತಸ್ರಾವದಿಂದ. ಬಾಣ ತಾಗಿದ ಜಿಂಕೆ ಓಡುತ್ತದೆ. ಬೇಟೆಗಾರ ಕಾದು, ನೆಲದ ಮೇಲಿನ ರಕ್ತದ ಜಾಡು ಹಿಡಿದು ಹಿಂಬಾಲಿಸಬೇಕು. ಸಾವಿರಾರು ಎಕರೆಗಳ ನಿರ್ಜನ ಅರಣ್ಯದಲ್ಲಿ ಪಳಗಿದ ಬೇಟೆಗಾರನಿಗೇ ಇದು ಸದಾ ಸಾಧ್ಯವಾಗುವುದಿಲ್ಲ. ಕೆಂಗೇರಿಯ ಬಳಿಯ ಕಾಡಿನ ತುಣುಕಿನಲ್ಲಿ ಬಾಣ ನೆಟ್ಟ ಜಿಂಕೆ ಓಡಿದರೆ ತಲುಪುವುದು ಹೆದ್ದಾರಿಗೆ, ಇಲ್ಲವೇ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ, ಇಲ್ಲವೇ ಬೀದಿನಾಯಿಗಳ ಬಾಯಿಗೆ.

ಕಾನೂನು ಕಲಿತ ಪಾಠ

ಪರವಾನಗಿಯ ಬೇಟೆಯನ್ನು ಈ ದೇಶ ಪ್ರಯೋಗಿಸಿ ನೋಡಿಲ್ಲವೆಂದು ಭಾವಿಸುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲ ಪಾಠವನ್ನು ಓದಬೇಕು. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ವಿಂಗಡಿಸಿ ಪರವಾನಗಿ ಕೊಡುವ ವ್ಯವಸ್ಥೆ ಅದರಲ್ಲಿತ್ತು. ಚುಕ್ಕಿ ಜಿಂಕೆ ‘ದೊಡ್ಡ ಬೇಟೆ’ಯ ಪಟ್ಟಿಯಲ್ಲಿತ್ತು. 1991ರ ತಿದ್ದುಪಡಿಯಲ್ಲಿ ಸಂಸತ್ತು ಆ ಪರವಾನಗಿಗಳನ್ನೇ ತೆಗೆದುಹಾಕಿತು. ಒಂದು ಪರವಾನಗಿ ಕೈಯಲ್ಲಿದ್ದರೆ ಅದರ ಮರೆಯಲ್ಲಿ ಹತ್ತು ಪ್ರಾಣಿ ಬೀಳುವುದನ್ನು ತಡೆಯುವವರು ಯಾರು? ಒಂದೊಂದು ಗಸ್ತಿಗೆ ಬೆರಳೆಣಿಕೆಯ ಕಾವಲುಗಾರರಿರುವ ಇಲಾಖೆ ಬಿದ್ದ ಪ್ರತಿ ಜಿಂಕೆಯ ಲಿಂಗ, ವಯಸ್ಸು, ಸಂಖ್ಯೆಗಳನ್ನು ಲೆಕ್ಕವಿಡುವುದೆಂಬುದು ಕನಸಿನ ಮಾತು.

2022ರ ತಿದ್ದುಪಡಿಯ ನಂತರ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅನುಸೂಚಿಗಳಲ್ಲಿ ಚುಕ್ಕಿ ಜಿಂಕೆಯೂ ಕಾಡುಮೊಲವೂ ರಕ್ಷಿತ ಪ್ರಾಣಿಗಳೇ. ಎರಡನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಬಲೆಯೊಡ್ಡುವುದು, ಉರುಳು ಹಾಕುವುದು, ಗಾಯಗೊಳಿಸುವುದು, ಬೆನ್ನಟ್ಟಿ ಓಡಿಸುವುದು, ಇವಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ‘ನಾಯಿ ಕರೆದುಕೊಂಡು ಸುಮ್ಮನೆ ತಿರುಗಾಡಲು ಹೋಗಿದ್ದೆವು’ ಎಂಬ ಹೊಸತೊಡಕಿನ ಮಾಮೂಲಿ ಉತ್ತರ ಈ ವ್ಯಾಖ್ಯೆಯ ಮುಂದೆ ನಿಲ್ಲುವುದಿಲ್ಲ. ಹಬ್ಬದ ನೆಪವೂ ನಿಲ್ಲುವುದಿಲ್ಲ. ಪಶ್ಚಿಮ ಬಂಗಾಳದ ಶಿಕಾರ್ ಉತ್ಸವಗಳ ವಿಷಯದಲ್ಲಿ ಕಲ್ಕತ್ತಾ ಹೈಕೋರ್ಟು 2019ರಲ್ಲಿಯೇ ಆಚರಣೆಯ ಹೆಸರಿನ ಪ್ರಾಣಿವಧೆಯನ್ನು ತಡೆಯಬೇಕೆಂದು ಆದೇಶಿಸಿದೆ.

ತುರಹಳ್ಳಿಯೆಂಬ ತುಣುಕು

ಕೆಂಗೇರಿ ಮತ್ತು ಉತ್ತರಹಳ್ಳಿಗಳ ನೆರೆಯಲ್ಲಿರುವ ತುರಹಳ್ಳಿ ಕಾಡಿನ ವಿಸ್ತಾರ ಸುಮಾರು 600 ಎಕರೆ. ಬಂಡೆ, ಕುರುಚಲು, ಹುಲ್ಲು, ನಡುವೆ ನೀಲಗಿರಿ. ನೋಡುವವರ ಕಣ್ಣಿಗೆ ಇದು ಮಹಾರಣ್ಯವೇನೂ ಅಲ್ಲ. ಆದರೂ ಬಿ.ಎಂ. ಕಾವಲ್, ಯು.ಎಂ. ಕಾವಲ್‌ಗಳ ಜೊತೆ ಸೇರಿ ಇದು ನಗರದ ನೈರುತ್ಯ ಅಂಚಿನಲ್ಲಿ ಉಳಿದಿರುವ ಹಸಿರಿನ ಕೊನೆಯ ಕೊಂಡಿಗಳಲ್ಲಿ ಒಂದು. ನವಿಲು, ಮೊಲ, ಮುಂಗುಸಿಗಳು ಇಲ್ಲಿವೆ. ಬನ್ನೇರುಘಟ್ಟದ ಕಡೆಯಿಂದ ಬರುವ ದೊಡ್ಡ ಪ್ರಾಣಿಗಳಿಗೂ ಇದು ತಂಗುದಾಣ. 2021ರ ಫೆಬ್ರವರಿಯಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ ಸುತ್ತಲಿನ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಕಾಡಿಗೆ ಕಾಲುದಾರಿ, ಬೆಂಚು, ಬೇಲಿಗಳ ಶೃಂಗಾರ ಬೇಡವೆಂಬ ಮಾತಿಗೆ ಸರ್ಕಾರ ಮಣಿಯಬೇಕಾಯಿತು. ನಗರದ ಜನರು ಒಂದು ಕಾಡನ್ನು ಕಾಡಾಗಿಯೇ ಬಿಡಿರೆಂದು ಕೇಳಿ ಗೆದ್ದ ಅಪರೂಪದ ಪ್ರಸಂಗ ಅದು.

2022ರ ಡಿಸೆಂಬರಿನಲ್ಲಿ ಕೆಂಗೇರಿ-ತುರಹಳ್ಳಿಗಳ ಸುತ್ತ ಚಿರತೆ ಕಾಣಿಸಿಕೊಂಡು ಬಡಾವಣೆಗಳು ಬೆದರಿದ್ದು ಹಲವರಿಗೆ ನೆನಪಿರಬಹುದು. ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಬೆಂಗಳೂರಿನ ಸುತ್ತ ಸುಮಾರು 80ರಿಂದ 85 ಚಿರತೆಗಳಿವೆ. ಅವುಗಳಲ್ಲಿ ಹೆಚ್ಚಿನವು ಬನ್ನೇರುಘಟ್ಟದಲ್ಲಿದ್ದರೂ ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್‌ಗಳಂತಹ ತುಣುಕುಗಳೂ ಅವುಗಳ ನೆಲೆಗಳೇ. ಈ ಚಿರತೆಗಳು ಇಷ್ಟು ವರ್ಷ ಕಾಡಿನಲ್ಲಿಯೇ ತಲೆಮರೆಸಿಕೊಂಡು ಬಾಳಿರುವುದಕ್ಕೆ ಕಾರಣ ಅಲ್ಲಿ ತಿನ್ನಲು ಮೊಲ, ನವಿಲು, ಜಿಂಕೆಗಳಿರುವುದು. ಹೊಸತೊಡಕಿನಂದು ಅವನ್ನು ಬಲೆಗೆ ಹಾಕಿ ಹೊತ್ತೊಯ್ದ ಮೇಲೆ ಚಿರತೆ ಎಲ್ಲಿಗೆ ಹೋಗಬೇಕು? ಬಡಾವಣೆಯ ಕಸದ ಗುಡ್ಡೆಯ ಬಳಿ ಬೆಳೆದ ನಾಯಿಗಳನ್ನು ಹುಡುಕಿಕೊಂಡು ಬರಬೇಕು. ಆಗ ಬೋನು, ಅರಿವಳಿಕೆ, ಗದ್ದಲ, ದೂರದರ್ಶನದ ಕ್ಯಾಮೆರಾಗಳು. ಬೇಟೆಗಾರನ ಒಂದು ದಿನದ ವಿನೋದಕ್ಕೆ ಬಡ್ಡಿ ಕಟ್ಟುವವರು ಮುಂಜಾನೆ ಹಾಲು ತರಲು ಹೊರಡುವ ಹೆಂಗಸರು, ಶಾಲೆಗೆ ನಡೆದು ಹೋಗುವ ಮಕ್ಕಳು.

ನಗರವೆಂಬ ದೊಡ್ಡ ಬೇಟೆಗಾರ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಬಲೆ ಹಿಡಿದು ಸಿಕ್ಕಿಬಿದ್ದ ಕೂಲಿಕಾರನನ್ನು ಜೈಲಿಗೆ ಕಳಿಸಿ ಕೈತೊಳೆದುಕೊಳ್ಳುವ ನಗರಕ್ಕೆ ತನ್ನ ಕೈಯ ರಕ್ತ ಕಾಣುವುದಿಲ್ಲ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಂದಿನಿಂದ ಬೆಂಗಳೂರು ಪಶ್ಚಿಮಕ್ಕೆ ಸರಿಯುತ್ತಲೇ ಬಂದಿದೆ. ವಿಜಯನಗರ, ಬಸವೇಶ್ವರನಗರ, ನಾಗರಭಾವಿ, ಕೆಂಗೇರಿ ಉಪನಗರ ಎಂದು ಒಂದರ ಹಿಂದೊಂದು ಬಡಾವಣೆ ಎದ್ದಂತೆ ಕೆರೆಯಂಗಳ, ಗುಂಡುತೋಪು, ಗೋಮಾಳಗಳು ಒಂದೊಂದಾಗಿ ಕಾಣೆಯಾದವು. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಎದ್ದಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಗುರುತಿಸಿದ್ದು 12 ಗ್ರಾಮಗಳ 4,000 ಎಕರೆಗೂ ಹೆಚ್ಚು ಭೂಮಿ. ವೃಷಭಾವತಿ ನದಿ ಇಂದು ಹೊತ್ತೊಯ್ಯುವುದು ನಗರದ ಕೊಳಚೆಯನ್ನು. ಅದರ ದಡದಲ್ಲಿ ನೀರು ಕುಡಿಯಲು ಯಾವ ಜಿಂಕೆಗೂ ಧೈರ್ಯವಿಲ್ಲ. 2021ರಲ್ಲಿ ಕೆಂಗೇರಿಗೂ, 2023ರಲ್ಲಿ ಚಲ್ಲಘಟ್ಟಕ್ಕೂ ಮೆಟ್ರೊ ಬಂತು. ವಿಜಯನಗರದಲ್ಲಿ ರೈಲು ಹತ್ತಿದವನು ಅರ್ಧ ಗಂಟೆಯಲ್ಲಿ ನಗರದಂಚಿನ ಹೊಲಗಳ ಬದಿಯಲ್ಲಿ ಇಳಿಯಬಲ್ಲ. ಅವನ ಹಿಂದೆಯೇ ನಿವೇಶನದ ಜಾಹೀರಾತು ಬಂದು ಇಳಿಯುತ್ತದೆ.

ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಶಾಸನಸಭೆಯ ಜಂಟಿ ಸದನ ಸಮಿತಿಯು 2007ರಲ್ಲಿಯೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಸಾವಿರಾರು ಎಕರೆ ಸರ್ಕಾರಿ ಜಮೀನು ಒತ್ತುವರಿಯಾಗಿದೆಯೆಂದು ಹೇಳಿತ್ತು. ಅಲ್ಲಿ ಇದ್ದಿರಬಹುದಾದ ಮೊಲಗಳ, ಕೌಜುಗಗಳ, ಗುಳ್ಳೆನರಿಗಳ ಲೆಕ್ಕ ಯಾವ ಸಮಿತಿಯೂ ಇಟ್ಟಿಲ್ಲ. ಬಲೆಯವನು ಮೊಲವನ್ನು ಕೊಂದರೆ ಮುಂದಿನ ಮಳೆಗೆ ಇನ್ನೊಂದು ಮೊಲ ಹುಟ್ಟುತ್ತದೆ. ಬುಲ್ಡೋಜರಿನವನು ಪೊದೆಯನ್ನು ಕಿತ್ತರೆ ಹುಟ್ಟಲು ಜಾಗವೇ ಇರುವುದಿಲ್ಲ. ಮೊದಲನೆಯವನಿಗೆ ಕಾಯ್ದೆಯ ಒಂಬತ್ತನೆಯ ಕಲಂ, ಎರಡನೆಯವನಿಗೆ ಅನುಮೋದಿತ ನಕ್ಷೆ. ಒಂದು ದಿನದ ಬೇಟೆಯನ್ನು ಖಂಡಿಸುವ ನೈತಿಕ ಹಕ್ಕು ವರ್ಷವಿಡೀ ನಡೆಯುವ ಈ ಬೇಟೆಯನ್ನು ಪ್ರಶ್ನಿಸುವವರಿಗೆ ಮಾತ್ರ ಇರುತ್ತದೆ.

‘ಸಾರ್ವಜನಿಕ ಭೂಮಿ’ ಎಂಬ ಪದವನ್ನೂ ಇಲ್ಲಿಯೇ ತೂಗಬೇಕು. ಬೇಟೆ ಅರಸರ ಸೊತ್ತಾಗಿದ್ದ ಯೂರೋಪಿನಿಂದ ಹೋದವರಿಗೆ, ಯಾವ ಬಡವನೂ ಸರ್ಕಾರಿ ಕಾಡಿನಲ್ಲಿ ಜಿಂಕೆ ಹೊಡೆಯಬಹುದೆಂಬುದು ಪ್ರಜಾಪ್ರಭುತ್ವದ ಒಂದು ಗೆಲುವಾಗಿ ಕಂಡಿತು. ಅದು ಅವರ ಚರಿತ್ರೆ. ಕನ್ನಡ ನಾಡಿನಲ್ಲಿ ಸಮುದಾಯದ ನೆಲಕ್ಕೆ ಬೇರೆಯೇ ಅರ್ಥವಿತ್ತು. ಗೋಮಾಳ ಮೇವಿಗೆ, ಗುಂಡುತೋಪು ನೆರಳಿಗೆ, ಕೆರೆಯಂಗಳ ಹೂಳುಮಣ್ಣಿಗೆ, ಮಲೆನಾಡಿನ ಸೊಪ್ಪಿನಬೆಟ್ಟ ಗೊಬ್ಬರಕ್ಕೆ. ಇವೆಲ್ಲ ಬದುಕಿನ ಹಕ್ಕುಗಳು, ವಿನೋದದ ಹಕ್ಕುಗಳಲ್ಲ. ಕುರಿ ಮೇಯಿಸುವವನನ್ನು, ಸೌದೆ ಆಯುವವಳನ್ನು ಕಾವಲಿನಿಂದ ಹೊರಹಾಕಿದ ಮೇಲೆ ಅದೇ ಕಾವಲಿನಲ್ಲಿ ಹವ್ಯಾಸಿ ಬಿಲ್ಲುಗಾರನಿಗೆ ಪರವಾನಗಿ ಕೊಡುವುದಾದರೆ ಅದಕ್ಕೆ ಸಂರಕ್ಷಣೆಯೆಂಬ ಹೆಸರು ಒಪ್ಪುವುದಿಲ್ಲ.

ಮಲೆನಾಡಿನ ಪ್ರಶ್ನೆ

ಬೆಟ್ಟದ ಮೇಲಿನ ರೈತನಿಗೆ ಇಲ್ಲೊಂದು ನ್ಯಾಯವಾದ ಸಿಟ್ಟಿದೆ. ಹಂದಿ ಒಂದು ರಾತ್ರಿಯಲ್ಲಿ ಗದ್ದೆಯನ್ನು ಉತ್ತು ಹೋಗುತ್ತದೆ, ಮಂಗ ಅಡಿಕೆ-ಬಾಳೆಗಳನ್ನು ಉಳಿಸುವುದಿಲ್ಲ, ಪರಿಹಾರದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಬೇಟೆಯ ಋತು ತೆರೆದರೆ ತನಗೂ ಬಿಡುಗಡೆ ಸಿಗಬಹುದೆಂದು ಅವನು ಆಶಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪು ಅವನ ಆಶೆಯಲ್ಲಿಲ್ಲ, ಆ ಆಶೆಯನ್ನು ಬಳಸಿಕೊಳ್ಳುವವರಲ್ಲಿದೆ. ಬೆಳೆ ತಿನ್ನುವ ನಿರ್ದಿಷ್ಟ ಹಂದಿಯನ್ನು ನಿರ್ದಿಷ್ಟ ಸ್ಥಳದಲ್ಲಿ ನಿಭಾಯಿಸಲು ಈಗಿನ ಕಾಯ್ದೆಯಲ್ಲಿಯೇ ಅವಕಾಶವಿದೆ. ನೆರೆಯ ಕೇರಳವು 2022ರಲ್ಲಿ ಹಂದಿಗಳ ವಿಷಯದಲ್ಲಿ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟು ನೋಡಿದೆ. ಅದರ ಒಳಿತು-ಕೆಡುಕುಗಳನ್ನು ಚರ್ಚಿಸಬಹುದು. ಆದರೆ ಅದಕ್ಕೂ ವಾರಾಂತ್ಯದ ಬೇಟೆಗೂ ಸಂಬಂಧವಿಲ್ಲ. ಋತು ತೆರೆದ ದಿನ ಘಟ್ಟ ಹತ್ತುವುದು ರೈತನ ಗದ್ದೆ ಕಾಯಲು ಬಂದವರ ಜೀಪಲ್ಲ, ಹೋಂಸ್ಟೇಯ ಊಟದ ಮೇಜಿಗೆ ಕಾಡುಮಾಂಸ ಹುಡುಕಿ ಬಂದವರ ಜೀಪು. ಅವರಿಗೆ ಬೇಕಿರುವುದು ಗದ್ದೆಯ ಹಂದಿಯಲ್ಲ, ಕಾಡಿನ ಕಡವೆ.

ಮಲೆನಾಡಿಗೆ ಬಂದೂಕಿನ ರುಚಿ ಗೊತ್ತಿಲ್ಲದ್ದೇನಲ್ಲ. ಕೆನೆತ್ ಆಂಡರ್ಸನ್ನರ ಶಿಕಾರಿ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕಾಲ ಕಳೆದಂತೆ ಕೈಯಲ್ಲಿ ಹಿಡಿದದ್ದು ಕ್ಯಾಮೆರಾವನ್ನು. ಕಾಡನ್ನು ಹತ್ತಿರದಿಂದ ಕಂಡವನು ಕೊಲ್ಲುವುದರಿಂದ ನೋಡುವುದರ ಕಡೆಗೆ ಬೆಳೆಯುತ್ತಾನೆಂಬುದಕ್ಕೆ ಅವರ ಬದುಕು ಒಂದು ಸಾಕ್ಷಿ.

ತೆಂಗಿನಕಾಯಿಗೆ ಗುರಿಯಿಡಲಿ

ಆಚರಣೆ ಬೇಕು, ಪ್ರಾಣಿವಧೆ ಬೇಡ ಎನ್ನುವುದು ಆಗದ ಮಾತೆಂದು ಹೇಳುವವರಿಗೆ ಉತ್ತರ ಕೊಡಗಿನಲ್ಲಿಯೇ ಇದೆ. ಕೈಲ್ ಮುಹೂರ್ತ ಇಂದಿಗೂ ನಡೆಯುತ್ತದೆ. ಕೋವಿಗೆ ಹೂವು ಮುಡಿಸುತ್ತಾರೆ, ಕಡಂಬುಟ್ಟು-ಪಂದಿಕರಿ ಬಡಿಸುತ್ತಾರೆ. ಆಮೇಲೆ ಮೈದಾನದಲ್ಲಿ ಸೇರಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಹೆಣ್ಣುಮಕ್ಕಳೂ ಆ ಸ್ಪರ್ಧೆಯಲ್ಲಿ ಗೆಲ್ಲುತ್ತಾರೆ. ಒಂದು ಇಡೀ ಸಮುದಾಯ ತನ್ನ ಬೇಟೆಯ ಹಬ್ಬದ ನಡುವಿನಿಂದ ಪ್ರಾಣಿಯನ್ನು ಎತ್ತಿ ಅಲ್ಲಿ ತೆಂಗಿನಕಾಯಿಯನ್ನು ಇಟ್ಟಿದೆ. ಅದರಿಂದ ಅವರ ಅಭಿಮಾನ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಶಿರಸಿಯಲ್ಲಿ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿ, ತಮಟೆಯ ಸದ್ದಿಗೆ ಬೇಡ ಅಬ್ಬರಿಸಿದರೆ ಊರೇ ನಡುಗುತ್ತದೆ, ಒಂದು ಹಕ್ಕಿಯೂ ಸಾಯುವುದಿಲ್ಲ. ಸಂಕ್ರಾಂತಿಯ ಸುಮಾರಿಗೆ ಹಲವು ದೇವಸ್ಥಾನಗಳಲ್ಲಿ ನಡೆಯುವ ಪಾರುವೇಟೆಯಲ್ಲಿ ದೇವರೇ ಬೇಟೆಗೆ ಹೊರಡುತ್ತಾನೆ, ಬೇಟೆಯ ಸಂಕೇತ ಮುಗಿಸಿ ಮರಳುತ್ತಾನೆ. ದೇವರಿಗೆ ಸಾಕಾದದ್ದು ಭಕ್ತರಿಗೆ ಸಾಲದೆ?

ಬ್ಯಾಡರಹಳ್ಳಿ, ಕೆಂಗೇರಿ, ತುರಹಳ್ಳಿಗಳ ಯುವಕರಿಗೆ ಹೊಸತೊಡಕಿನಂದು ಬಿಲ್ಲು ಹಿಡಿಯುವ ಆಸೆಯಿದ್ದರೆ ಗುರಿಹಲಗೆ ನಿಲ್ಲಿಸಿ ಸ್ಪರ್ಧೆ ಏರ್ಪಡಿಸಲಿ, ಗೆದ್ದವರಿಗೆ ಊರು ಹಾರ ಹಾಕಲಿ. ಅರಣ್ಯ ಇಲಾಖೆ ಯುಗಾದಿಯ ಗಸ್ತನ್ನು ಮೂರು ದಿನದ ಶಾಸ್ತ್ರವಾಗಿಸದೆ, ನೀರು ಬತ್ತುವ ಇಡೀ ಬೇಸಿಗೆಯಲ್ಲಿ ನೀರಿನ ಗುಂಡಿಗಳ ಸುತ್ತ ಕಾವಲಿಡಲಿ. ಬಲೆ ಹಿಡಿದವನ ಜೊತೆಗೆ ಕಾಡುಮಾಂಸವನ್ನು ಕೊಳ್ಳುವವನ ಮೇಲೆಯೂ ಪ್ರಕರಣ ದಾಖಲಾಗಲಿ. ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್‌ಗಳ ಗಡಿಗಳನ್ನು ಕಲ್ಲು ನೆಟ್ಟು ಗುರುತಿಸಿ, ಬನ್ನೇರುಘಟ್ಟದ ಕಡೆಗೆ ಉಳಿದಿರುವ ಹಸಿರು ಕೊಂಡಿಗಳಲ್ಲಿ ಹೊಸ ಬಡಾವಣೆಗೆ ಅನುಮತಿ ಕೊಡುವುದನ್ನು ಸರ್ಕಾರ ನಿಲ್ಲಿಸಲಿ. ಬೆಳೆ ಹಾನಿಯ ಪರಿಹಾರ ಮಲೆನಾಡಿನ ರೈತನಿಗೆ ಅದೇ ಹಂಗಾಮಿನಲ್ಲಿ ತಲುಪಲಿ. ಆಗ ಬೇಟೆಯ ಋತುವಿನ ಬೇಡಿಕೆಗೆ ಆಸರೆಯಾಗಿರುವ ಅವನ ಸಿಟ್ಟು ತಾನಾಗಿಯೇ ತಣಿಯುತ್ತದೆ.

ಸಾವಿರ ವರ್ಷಗಳ ಹಿಂದೆ ಈ ನಾಡಿನವರು ಒಂದು ನಾಯಿಗೆ ಕಲ್ಲು ನೆಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆಂಗೇರಿಯಿಂದ ಮೆಟ್ರೊ ಹತ್ತಿ ಹೋಗಿ ಅದನ್ನು ನೋಡಿ ಬರಬಹುದು. ಮುಂದಿನ ತಲೆಮಾರು ತುರಹಳ್ಳಿಯ ಕೊನೆಯ ಜಿಂಕೆಯನ್ನೂ ಅಲ್ಲಿಯೇ, ಗಾಜಿನ ಪೆಟ್ಟಿಗೆಯಲ್ಲಿ ನೋಡಬೇಕೇ ಎಂಬುದು ಬರುವ ಹೊಸತೊಡಕುಗಳಲ್ಲಿ ತೀರ್ಮಾನವಾಗುತ್ತದೆ.